ಕೆಣಕುವ ಅಂಗಿ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮ ರಾಜ್ಯದ ಕಡೆಯ ಊರುಗಳಲ್ಲಿ ಪುಣಜನೂರು ಒಂದು. ಬಿಳಿಗಿರಿರಂಗನ ಕಾಡಿನ ಅಂಚು, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಸುತ್ತ ಸೋಲಿಗರ ಪೋಡುಗಳು. ಗಡಿ ದಾಟಿದರೆ ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ತಿರುವುಗಳು. ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲುವ ರಸ್ತೆ ಎಂದೇ ಹೊರಗಿನವರಿಗೆ ಇದರ ಪರಿಚಯ. ಆದರೆ ಈ ರಸ್ತೆ ಘಾಟಿ ಇಳಿದು ಇನ್ನೂ ಮುಂದಕ್ಕೆ ಸಾಗಿ ತಿರುಪ್ಪೂರಿನ ಕಡೆಗೆ ಒಯ್ಯುತ್ತದೆ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಬನಿಯನ್ನೂ ಯೂರೋಪಿನ ದೊಡ್ಡ ಅಂಗಡಿಗಳ ಗಾಜಿನ ಹಿಂದೆ ತೂಗುವ ಟೀ ಶರ್ಟೂ ಒಂದೇ ಊರಲ್ಲಿ ತಯಾರಾಗುತ್ತವೆ ಎಂದರೆ ಅದು ತಿರುಪ್ಪೂರು. ದೇಶದಿಂದ ಹೊರಗೆ ಹೋಗುವ ಹೆಣೆದ ಹತ್ತಿಯ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯದೇ. ಪುಣಜನೂರಿನಿಂದ ಹಿಂದಕ್ಕೆ ತಿರುಗಿ, ಚಾಮರಾಜನಗರ ದಾಟಿ ನಂಜನಗೂಡಿನ ಕಡೆ ಹೊರಟರೆ ಬದನವಾಳು ಬರುತ್ತದೆ. ಅಲ್ಲಿರುವುದು ಖಾದಿ ಕೇಂದ್ರ. ಚರಕ, ಕೈಮಗ್ಗ, ಹಳೆಯ ಹೆಂಚಿನ ಕಟ್ಟಡಗಳು.

ತಿರುಪ್ಪೂರು, ಬದನವಾಳು ಈ ಎರಡು ಊರುಗಳ ನಡುವೆ ಬದುಕುವ ನಮಗೆ, ಬಟ್ಟೆಯಿಂದಲೇ ಲೋಕವನ್ನು ಕೆಣಕಿದ ಇಬ್ಬರ ಕಥೆ ಗೊತ್ತಿರಬೇಕು. ಒಬ್ಬರು ಇಂಗ್ಲೆಂಡಿನ ವಿವಿಯನ್ ವೆಸ್ಟ್‌ವುಡ್. ಇನ್ನೊಬ್ಬರು ನಮ್ಮ ಹೆಗ್ಗೋಡಿನ ಪ್ರಸನ್ನ. ಒಬ್ಬರಿಗೊಬ್ಬರು ಯಾವ ರೀತಿಯಲ್ಲೂ ಸಂಬಂಧವಿಲ್ಲದವರು. ಆಕೆ ಫ್ಯಾಷನ್ ಲೋಕದ ರಾಣಿ. ಈತ ರಂಗಭೂಮಿಯಿಂದ ನೇಕಾರಿಕೆಗೆ ಬಂದವರು. ಫ್ಯಾಷನ್ ಡಿಸೈನರ್ ಎಂದು ಕರೆದರೆ ಒಪ್ಪುವವರಲ್ಲ. ಆದರೂ ಕನ್ನಡ ನಾಡಿನಲ್ಲಿ ಉಡುಪಿನ ಮೂಲಕ ಜನರ ನೆಮ್ಮದಿ ಕೆಡಿಸಿದವರು ಯಾರು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವ ಹೆಸರು ಪ್ರಸನ್ನರದೇ.

ಮೊದಲು ವೆಸ್ಟ್‌ವುಡ್ ಕಥೆ. 1941ರ ಏಪ್ರಿಲ್ 8ರಂದು ಹುಟ್ಟಿದ ಈಕೆ ಬೆಳೆದದ್ದು ಮ್ಯಾಂಚೆಸ್ಟರಿಗೆ ಹತ್ತಿರದ ಟಿಂಟ್‌ವಿಸಲ್ ಎಂಬ ಹಳ್ಳಿಯಲ್ಲಿ. ತಾಯಿ ಡೋರಾ ಹತ್ತಿಯ ಮಿಲ್ಲಿನಲ್ಲಿ ನೇಕಾರಳಾಗಿದ್ದವಳು. ಆ ಸೀಮೆಯ ಮಿಲ್ಲುಗಳ ಬಟ್ಟೆ ನಮ್ಮ ದೇಶದ ಮಗ್ಗಗಳನ್ನು ಹೇಗೆ ಮಲಗಿಸಿತೆಂಬುದು ಎಲ್ಲರಿಗೂ ಗೊತ್ತು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಅದೇ ಸೀಮೆಯ ಡಾರ್ವೆನ್ ಎಂಬ ಮಿಲ್ಲಿನ ಊರಿಗೆ ಹೋದರು. ಭಾರತೀಯರು ವಿದೇಶಿ ಬಟ್ಟೆ ಬಹಿಷ್ಕರಿಸಿದ್ದರಿಂದ ಕೆಲಸ ಕಳೆದುಕೊಂಡಿದ್ದ ಕಾರ್ಮಿಕರು ಅವರನ್ನು ಬೈಯಲಿಲ್ಲ, ಸುತ್ತುವರಿದು ಜಯಕಾರ ಹಾಕಿದರು. ಆ ಮಿಲ್ಲಿನ ಹೆಂಗಸರ ನಡುವೆ ಗಾಂಧೀಜಿ ನಿಂತ ಫೋಟೋ ಇಂದಿಗೂ ಇದೆ. ಹತ್ತು ವರ್ಷದ ನಂತರ ಅಂಥದೇ ಒಬ್ಬ ಹೆಂಗಸಿನ ಮಗಳಾಗಿ ವಿವಿಯನ್ ಹುಟ್ಟಿದಳು. ಕೈಮಗ್ಗ ಉಳಿಸಿ ಎಂಬ ಮಾತು ಬರೀ ನಮ್ಮ ಕಡೆಯ ಕೂಗು ಎಂದುಕೊಂಡಿದ್ದವರು ಈ ನಂಟನ್ನು ಗಮನಿಸಬೇಕು. ಯಂತ್ರದ ಮಗ್ಗದ ಮುಂದೆ ದುಡಿದವಳೂ ಕಡೆಗೆ ಹಸಿದವಳೇ.

ವಿವಿಯನ್ ಫ್ಯಾಷನ್ ಶಾಲೆಯಲ್ಲಿ ಪಳಗಿದವಳಲ್ಲ. ಪ್ರಾಥಮಿಕ ಶಾಲೆಯ ಮೇಡಂ ಆಗಿದ್ದಳು. 1962ರಲ್ಲಿ ಡೆರೆಕ್ ವೆಸ್ಟ್‌ವುಡ್‌ನನ್ನು ಮದುವೆಯಾದಾಗ ಧಾರೆಯ ಉಡುಪನ್ನು ತಾನೇ ಹೊಲಿದುಕೊಂಡಳು. ಆ ಮದುವೆ ಉಳಿಯಲಿಲ್ಲ, ಹೆಸರು ಉಳಿಯಿತು. ಆಮೇಲೆ ಜೊತೆಯಾದವನು ಮಾಲ್ಕಂ ಮೆಕ್‌ಲಾರೆನ್. 1971ರಲ್ಲಿ ಇಬ್ಬರೂ ಲಂಡನ್ನಿನ ಕಿಂಗ್ಸ್ ರೋಡಿನ 430ನೇ ನಂಬರಿನ ಅಂಗಡಿಯಲ್ಲಿ ವ್ಯಾಪಾರ ಶುರು ಮಾಡಿದರು. ವಿವಿಯನ್ ಹಳೆಯ ಅಂಗಿಗಳನ್ನು ತಂದು ಹೊಲಿಗೆ ಬಿಚ್ಚಿ, ಯಾವ ತುಂಡನ್ನು ಹೇಗೆ ಕತ್ತರಿಸಿದ್ದಾರೆ, ಎಲ್ಲಿ ಮಡಿಸಿದ್ದಾರೆ ಎಂದು ನೋಡಿ ನೋಡಿ ಕಟಿಂಗ್ ಕಲಿತಳು. ನಮ್ಮೂರ ಟೈಲರ್ ಅಂಗಡಿಗಳಲ್ಲಿ ಕಾಜಾ, ಗುಂಡಿ ಹಾಕುತ್ತಾ ಕೂತ ಹುಡುಗರು ಮಾಸ್ಟರ್ ಆಗುವುದೂ ಇದೇ ದಾರಿಯಲ್ಲಿ.

ಆ ಅಂಗಡಿ ವರ್ಷ ಎರಡು ವರ್ಷಕ್ಕೊಮ್ಮೆ ಹೆಸರು ಬದಲಿಸುತ್ತಿತ್ತು. 1974ರಲ್ಲಿ ಅದರ ಹೆಸರು ‘ಸೆಕ್ಸ್’. ದೊಡ್ಡ ಅಕ್ಷರಗಳಲ್ಲಿ ಬಾಗಿಲ ಮೇಲೇ. 1976ರ ಹೊತ್ತಿಗೆ ‘ಸೆಡಿಷನರೀಸ್’, ಅಂದರೆ ರಾಜದ್ರೋಹಿಗಳು. ಹರಿದ ಅಂಗಿ, ಅದನ್ನು ಹಿಡಿದು ನಿಲ್ಲಿಸುವ ಪಿನ್ನು, ಸರಪಳಿ, ಒರಟು ಬರಹದ ಟೀ ಶರ್ಟು. ಪಂಕ್ ಎಂದು ಲೋಕಕ್ಕೆಲ್ಲ ಹಬ್ಬಿದ ವೇಷ ಅಲ್ಲಿ ರೂಪುಗೊಂಡಿತು. ಮೆಕ್‌ಲಾರೆನ್ ನೋಡಿಕೊಳ್ಳುತ್ತಿದ್ದ ಸೆಕ್ಸ್ ಪಿಸ್ತೂಲ್ಸ್ ತಂಡದ ಹುಡುಗರು ಅದನ್ನು ತೊಟ್ಟು ಹಾಡಿದರು. 1977 ರಾಣಿ ಎಲಿಜಬೆತ್ ಪಟ್ಟಕ್ಕೇರಿದ 25ನೇ ವರ್ಷ. ಊರಿಗೆ ಊರೇ ಹಬ್ಬ ಮಾಡುತ್ತಿದ್ದಾಗ ರಾಣಿಯ ತುಟಿಗೆ ಪಿನ್ನು ಚುಚ್ಚಿದ ಚಿತ್ರ ಈ ಅಂಗಡಿಯ ಟೀ ಶರ್ಟಿನ ಮೇಲೆ ಬಂತು. ಚಿತ್ರ ಮಾಡಿದವನು ಜೇಮೀ ರೀಡ್ ಎಂಬ ಕಲಾವಿದ.

ಆ ಕೆಣಕಾಟವನ್ನೆಲ್ಲ ನಾನು ಒಪ್ಪುವುದಿಲ್ಲ. ಹಿಟ್ಲರನ ಪಕ್ಷದ ಸ್ವಸ್ತಿಕವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದ್ದೂ ಇದೇ ಅಂಗಡಿ. ‘ನಾಶಮಾಡು’ ಎಂಬ ಮಾತು ಮೇಲಿದ್ದರೂ, ಆ ಗುರುತಿನ ಕೆಳಗೆ ಬಂಧುಬಳಗವನ್ನು ಕಳೆದುಕೊಂಡವರು ಅದೇ ಬೀದಿಯಲ್ಲಿ ಓಡಾಡುತ್ತಿದ್ದರು. ಅಧಿಕಾರದಲ್ಲಿರುವವರನ್ನು ಚುಚ್ಚುವುದು ಬೇರೆ, ನೊಂದವರ ಗಾಯವನ್ನು ಕೆದಕುವುದು ಬೇರೆ. ಅಂಗಿಯ ಮೇಲೆ ಏನನ್ನಾದರೂ ಬರೆಯಬಹುದು ಎಂಬ ಸಲಿಗೆಗೆ ಇಂಥ ಕುರುಡೂ ಇರುತ್ತದೆ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1981ರಲ್ಲಿ ಕಡಲುಗಳ್ಳರ ವೇಷವನ್ನು ಆಧರಿಸಿದ ಮೊದಲ ರ್‍ಯಾಂಪ್ ಪ್ರದರ್ಶನ. ಆಮೇಲೆ ಹದಿನೆಂಟನೆಯ ಶತಮಾನದ ಚಿತ್ರಪಟಗಳಿಂದ ಎತ್ತಿದ ರವಿಕೆ, ಗೇಣುದ್ದದ ಲಂಗ, ಸ್ಕಾಟ್ಲೆಂಡಿನ ದ್ವೀಪಗಳ ಮನೆಗಳಲ್ಲಿ ಕೈಮಗ್ಗದಲ್ಲೇ ನೇಯುವ ಹ್ಯಾರಿಸ್ ಟ್ವೀಡ್ ಉಣ್ಣೆ. 1993ರಲ್ಲಿ ಆಕೆ ಮಾಡಿದ ಎತ್ತರದ ಅಟ್ಟೆಯ ಮೇಲೆ ನಡೆಯುತ್ತಾ ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ಪ್ಯಾರಿಸ್ಸಿನಲ್ಲಿ ಮುಗ್ಗರಿಸಿದ್ದು ಲೋಕಪ್ರಸಿದ್ಧ. ಯಾವ ರಾಣಿಯ ತುಟಿಗೆ ಪಿನ್ನು ಚುಚ್ಚಿದ್ದಳೋ ಅದೇ ರಾಣಿಯಿಂದ 1992ರಲ್ಲಿ ಪದವಿ ಪಡೆದಳು. ಅರಮನೆಯ ಹೊರಗೆ ಫೋಟೋದವರ ಮುಂದೆ ಗಿರ್ರನೆ ತಿರುಗಿದಾಗ ಲಂಗದ ಒಳಗೆ ಏನೂ ಇರಲಿಲ್ಲವೆಂಬುದು ಮರುದಿನದ ಸುದ್ದಿಯಾಯಿತು. ಪತ್ರಿಕೆಗಳು ಅದನ್ನೇ ಚಪ್ಪರಿಸಿದವು. ಅದೇ ಬಕಿಂಗ್‌ಹ್ಯಾಮ್ ಅರಮನೆಗೆ 1931ರ ನವೆಂಬರಿನಲ್ಲಿ ಮೊಣಕಾಲಿನ ಪಂಚೆಯುಟ್ಟು, ಶಾಲು ಹೊದ್ದು ಹೋದ ಗಾಂಧೀಜಿಯ ಉಡುಪು ಎಬ್ಬಿಸಿದ ಗದ್ದಲ ಮಾತ್ರ ಒಂದು ದಿನಕ್ಕೆ ಮುಗಿಯಲಿಲ್ಲ. ಆ ಪಂಚೆಯ ಹಿಂದೆ ನೂತವರಿದ್ದರು, ನೇಯ್ದವರಿದ್ದರು. ಉಟ್ಟವನೂ ನೂಲುತ್ತಿದ್ದ.

ವೆಸ್ಟ್‌ವುಡ್ ಬದುಕಿನಲ್ಲಿ ನನಗೆ ಮುಖ್ಯವೆನಿಸುವುದು ಅರವತ್ತು ದಾಟಿದ ಮೇಲಿನ ಭಾಗ. ಭೂಮಿ ಕಾಯುತ್ತಿದೆ, ನಾವು ಅಂಗಿ ಮೇಲೆ ಅಂಗಿ ಕೊಳ್ಳುತ್ತಿದ್ದೇವೆ ಎಂಬ ದಿಗಿಲು ಆಕೆಯನ್ನು ಹಿಡಿಯಿತು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸಿನ ಮುಕ್ತಾಯ ಸಮಾರಂಭದಲ್ಲಿ ಹವಾಮಾನ ಕ್ರಾಂತಿ ಎಂಬ ಬ್ಯಾನರ್ ಬಿಚ್ಚಿದಳು. ನೆಲದಾಳದ ಬಂಡೆ ಸೀಳಿ ಅನಿಲ ತೆಗೆಯುವುದನ್ನು ವಿರೋಧಿಸಿ 2015ರಲ್ಲಿ ಪ್ರಧಾನಿಯ ಸ್ವಂತ ಮನೆಯತ್ತ ಮಿಲಿಟರಿ ಟ್ಯಾಂಕ್ ಏರಿ ಹೋದಳು. 2020ರಲ್ಲಿ, ಸರ್ಕಾರಗಳ ಗುಟ್ಟಿನ ಕಡತಗಳನ್ನು ಬಯಲಿಗೆಳೆದ ಜೂಲಿಯನ್ ಅಸಾಂಜ್ ಬಿಡುಗಡೆಗಾಗಿ ನ್ಯಾಯಾಲಯದ ಎದುರು ದೊಡ್ಡ ಪಂಜರದಲ್ಲಿ ತೂಗಾಡುತ್ತ ಕೂಗಿದಾಗ ಎಪ್ಪತ್ತೊಂಬತ್ತು ವಯಸ್ಸು. ಕಡಿಮೆ ಕೊಳ್ಳಿ, ನೋಡಿ ಆರಿಸಿ, ಬಹುಕಾಲ ಬಾಳಿಸಿ ಎಂಬುದು ಆಕೆ ಹೋದಲ್ಲೆಲ್ಲ ಹೇಳುತ್ತಿದ್ದ ಮಾತಿನ ಸಾರ. ಅಂಗಿ ಮಾರುವವಳೇ ಕೊಳ್ಳಬೇಡಿ ಎನ್ನುವುದು ದೊಡ್ಡ ಮಾತು. ಆದರೆ ಆಕೆಯ ಕಂಪನಿ ವರ್ಷಕ್ಕೆ ಹಲವು ಸಂಗ್ರಹಗಳನ್ನು ಹೊರತರುತ್ತಲೇ ಇತ್ತು; ಅದರ ತೆರಿಗೆಯ ವ್ಯವಹಾರವನ್ನು ಅಲ್ಲಿನ ಪತ್ರಿಕೆಗಳು ಪ್ರಶ್ನಿಸಿದವು. ಮಾತಿಗೂ ಅಂಗಡಿಗೂ ನಡುವಿನ ಆ ಅಂತರ ಮುಚ್ಚಲಿಲ್ಲ. 2022ರ ಡಿಸೆಂಬರ್ 29ರಂದು ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಆ ಅಂತರ ಮುಚ್ಚಲು ನಮ್ಮ ನಾಡಿನಲ್ಲಿ ಒಬ್ಬರು ಹಟ ತೊಟ್ಟು ಕೂತರು.

ಪ್ರಸನ್ನ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ನಿರ್ದೇಶಕರು. ಎಪ್ಪತ್ತರ ದಶಕದಲ್ಲಿ ‘ಸಮುದಾಯ’ ರಂಗತಂಡವನ್ನು ಕಟ್ಟಿದವರಲ್ಲಿ ಪ್ರಮುಖರು. ನಾಟಕದ ವೇಷದಲ್ಲಿ ಒಂದು ತೇಪೆಯೂ ಸುಮ್ಮನೆ ಇರುವುದಿಲ್ಲ, ಪಾತ್ರ ಬಾಯಿ ತೆರೆಯುವ ಮೊದಲೇ ಅದು ಮಾತಾಡಿರುತ್ತದೆ ಎಂಬುದು ರಂಗದವರಿಗೆ ಹೊಸದಲ್ಲ. ಅಂಥ ಮನುಷ್ಯ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಬಂದು ನೆಲೆಸಿ, ತೊಂಬತ್ತರ ದಶಕದಲ್ಲಿ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘಕ್ಕೆ ಕಾರಣರಾದರು. ಮಲೆನಾಡಿನಲ್ಲಿ ಮಗ್ಗದ ಪರಂಪರೆ ಇರಲಿಲ್ಲ. ತೋಟದ ಕೂಲಿಗೆ ಹೋಗುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಲಡಿ ಬಿಡಿಸುವುದು, ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಲಾಳಿ ಹಾಯಿಸುವುದನ್ನು ಮೊದಲಿನಿಂದ ಕಲಿತರು. ನೂರಾರು ಹೆಂಗಸರಿಗೆ ಊರಲ್ಲೇ ಕೆಲಸ ಸಿಕ್ಕಿತು.

ಬಣ್ಣದ ವಿಷಯದಲ್ಲಿ ಅವರ ಹಟ ಇನ್ನೂ ಗಟ್ಟಿ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು, ದಾಳಿಂಬೆಯ ಸಿಪ್ಪೆ, ನೀಲಿ ಗಿಡ ಇಂಥವುಗಳಿಂದಲೇ ಬಣ್ಣ. ಕಂದು, ಇಟ್ಟಿಗೆ ಕೆಂಪು, ಮಾಸಿದ ಹಳದಿ, ನೀಲಿ. ರಾಸಾಯನಿಕ ಬಣ್ಣದ ಹೊಳಪಿಗೆ ಒಗ್ಗಿದ ಕಣ್ಣಿಗೆ ಮೊದಲ ನೋಟಕ್ಕೆ ಮಂಕು. ಈ ಹಟ ಯಾಕೆ ಎಂದು ಕೇಳುವವರು ತಿರುಪ್ಪೂರಿನ ನೊಯ್ಯಲ್ ನದಿಯನ್ನು ನೆನೆಯಲಿ. ಬಣ್ಣದ ಕಾರ್ಖಾನೆಗಳ ನೀರು ಸೇರಿ ಸೇರಿ ಆ ಹೊಳೆ ಕೆಟ್ಟಿತು, ಕೆಳಗಿನ ಒರತುಪಾಳ್ಯಂ ಅಣೆಕಟ್ಟಿನಲ್ಲಿ ವಿಷದ ನೀರು ನಿಂತಿತು, ರೈತರ ಬಾವಿಗಳು ಉಪ್ಪಾದವು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನಿಯಮ ಮೀರಿದ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ನಾವು ನೂರಿನ್ನೂರು ರೂಪಾಯಿಗೆ ಕೊಂಡ ಟೀ ಶರ್ಟಿನ ಬಾಕಿ ಹಣವನ್ನು ಆ ರೈತರು ತೆತ್ತಿದ್ದಾರೆ.

ಚರಕದ ಬಟ್ಟೆ ‘ದೇಸಿ’ ಎಂಬ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು. ನೋಡನೋಡುತ್ತ ಅದೊಂದು ಫ್ಯಾಷನ್ನೇ ಆಯಿತು. ಸಾಹಿತ್ಯದ ಸಭೆ, ನಾಟಕದ ಪಡಸಾಲೆ, ಕಾಲೇಜಿನ ಸ್ಟಾಫ್ ರೂಮು, ಎಲ್ಲಿ ನೋಡಿದರೂ ದೇಸಿಯ ಜುಬ್ಬ. ಪ್ರಸನ್ನ ಅಲ್ಲಿಗೆ ತೃಪ್ತಿಪಟ್ಟು ಕೂತಿದ್ದರೆ ಅವರೊಬ್ಬ ಯಶಸ್ವಿ ಉದ್ಯಮಿ ಎನಿಸಿಕೊಳ್ಳುತ್ತಿದ್ದರು, ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಅವರು ತಮ್ಮ ಗಿರಾಕಿಗಳನ್ನೇ ಕೆಣಕಿದರು. ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂದು ಪುಸ್ತಕ ಬರೆದರು. ಜುಬ್ಬ ತೊಟ್ಟು ಉಳಿದ ಬದುಕನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದವರಿಗೆ ಅದು ಹಿತವಾದ ಓದಲ್ಲ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆ ಕಾಗದದಲ್ಲಿ ಮಾತ್ರ ಇದೆ ಎಂದು ಬೀದಿಗಿಳಿದರು. ಮೊದಲಿಗೆ 22 ಬಗೆಯ ಬಟ್ಟೆ ಆ ಪಟ್ಟಿಯಲ್ಲಿದ್ದವು. 1996ರಲ್ಲಿ 11ಕ್ಕೆ ಇಳಿಸಿದರು. ಆ 11ನ್ನೂ ವಿದ್ಯುತ್ ಮಗ್ಗಗಳು ರಾಜಾರೋಷವಾಗಿ ನೇಯುತ್ತವೆ.

2015ರಲ್ಲಿ ಪ್ರಸನ್ನ ನಮ್ಮ ಸೀಮೆಯ ಬದನವಾಳಿಗೆ ಬಂದು ಕೂತರು. ಈ ಊರನ್ನೇ ಆರಿಸಿದ್ದಕ್ಕೆ ಅರ್ಥವಿದೆ. ಮೈಸೂರು ಸಂಸ್ಥಾನದ ಸರ್ಕಾರವೇ 1927ರಲ್ಲಿ ಇಲ್ಲಿ ನೂಲುವ ಕೇಂದ್ರ ತೆರೆದಿತ್ತು. ಬ್ರಿಟಿಷರ ನೆರಳಿನಲ್ಲಿದ್ದ ಒಂದು ಸಂಸ್ಥಾನ ಖಾದಿಗೆ ಬೆಂಬಲ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಪಕ್ಕದ ತಗಡೂರಿನಲ್ಲಿ ತಗಡೂರು ರಾಮಚಂದ್ರರಾಯರು ಖಾದಿಯ ಕೆಲಸ ಕಟ್ಟಿದರು. ಗಾಂಧೀಜಿ ಬಂದುಹೋದ ನೆಲ ಇದು. ಎಷ್ಟೋ ಮನೆಗಳ ಹೆಂಗಸರ ಕೈಗೆ ಸಂಬಳ ಎಂಬುದು ಮೊದಲು ಬಂದದ್ದು ಇಲ್ಲಿ ನೂಲುವ ಚರಕದಿಂದ. ಇದೇ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ, ದೇವಸ್ಥಾನದ ಪ್ರವೇಶದ ಜಗಳದ ಬೆನ್ನಿಗೆ, ಮೂವರು ದಲಿತರನ್ನು ಕೊಂದರು. ಖಾದಿಯ ಊರೆಂದು ಹೆಮ್ಮೆಪಡುವಾಗ ಆ ರಕ್ತವನ್ನೂ ನೆನೆಯದಿದ್ದರೆ ನಾವು ಸುಳ್ಳು ಹೇಳಿದಂತೆ. ಗಾಂಧೀಜಿ ಚರಕವನ್ನೂ ಅಸ್ಪೃಶ್ಯತೆಯ ವಿರುದ್ಧದ ಹೋರಾಟವನ್ನೂ ಒಂದೇ ಉಸಿರಿನಲ್ಲಿ ಹೇಳಿದವರು. ಊರು ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಟ್ಟಿತ್ತು.

ಪಾಳು ಬೀಳುತ್ತಿದ್ದ ಆ ಖಾದಿ ಕೇಂದ್ರದ ಅಂಗಳದಲ್ಲಿ ಸತ್ಯಾಗ್ರಹ ನಡೆಯಿತು. ನಾಡಿನ ಬೇರೆ ಬೇರೆ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಬಂದು ಸೇರಿದರು. ಏಪ್ರಿಲ್ 19ರಂದು ಸುಸ್ಥಿರ ಬದುಕಿನ ರಾಷ್ಟ್ರೀಯ ಸಮಾವೇಶ ನಡೆದು ಬದನವಾಳು ಘೋಷಣೆ ಹೊರಬಂತು. ಎರಡು ವರ್ಷದ ನಂತರ, 2017ರ ಜುಲೈ 1ಕ್ಕೆ ಜಿಎಸ್‌ಟಿ ಜಾರಿಯಾಗಿ ಕೈಮಗ್ಗದ ಬಟ್ಟೆಯ ಮೇಲೂ ತೆರಿಗೆ ಬಿತ್ತು. ಆಗ ಹತ್ತಿಯ ಬಟ್ಟೆಗೆ ಶೇ 5 ಇತ್ತು. ಸಾವಿರ ರೂಪಾಯಿ ದಾಟಿದ ಸಿದ್ಧ ಉಡುಪಿಗೆ ಶೇ 12 ಇತ್ತು. ಪ್ರಸನ್ನ ಕರ ನಿರಾಕರಣೆಯ ಸತ್ಯಾಗ್ರಹ ಹೂಡಿದರು. ಕೈಯಿಂದ ಮಾಡಿದ ಯಾವುದಕ್ಕೂ ತೆರಿಗೆ ಕೂಡದು ಎಂದು ಬೆಂಗಳೂರಿನಲ್ಲಿ ಉಪವಾಸ ಕೂತರು. ಪಿನ್ನು ಚುಚ್ಚಿದ ಟೀ ಶರ್ಟಿಗಿಂತ ಇದು ಎಷ್ಟೋ ಪಾಲು ದೊಡ್ಡ ಕೆಣಕು ಎಂದು ನಾನು ನಂಬಿದ್ದೇನೆ. ಮೈ ತೋರಿಸುವ ಬಟ್ಟೆಗೆ ಲೋಕ ಬೇಗ ಒಗ್ಗಿಕೊಳ್ಳುತ್ತದೆ. ದುಡಿದ ಕೈ ತೋರಿಸುವ ಬಟ್ಟೆಗೆ ಒಗ್ಗಿಕೊಳ್ಳುವುದು ಕಷ್ಟ.

ಇಷ್ಟೆಲ್ಲ ಆದರೂ ಲೆಕ್ಕ ಕೂಡಲಿಲ್ಲ. ಬರಬೇಕಾದ ನೆರವು ತಡವಾಯಿತು, ಲಾಕ್‌ಡೌನಿನಲ್ಲಿ ಮಾರಾಟ ನಿಂತಿತು. 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆಂದು ತಾನೇ ಸಾರಿಕೊಂಡಿತು. ನಷ್ಟವನ್ನು ಮುಚ್ಚಿಡುವ ಕಾಲದಲ್ಲಿ ಹಾಗೆ ಸಾರುವುದಕ್ಕೂ ಧೈರ್ಯ ಬೇಕು. ಆದರೆ ಒಂದು ಪ್ರಶ್ನೆ ಉಳಿಯಿತು. ಒಂದು ಕೈಮಗ್ಗದಲ್ಲಿ ದಿನಕ್ಕೆ ನಾಲ್ಕೈದು ಮೀಟರ್ ನೇಯ್ದರೆ ಹೆಚ್ಚು. ಆ ಕೈಗೆ ಸರಿಯಾದ ಕೂಲಿ ಕೊಟ್ಟರೆ ಜುಬ್ಬದ ಬೆಲೆ ಏರುತ್ತದೆ. ಕೊಳ್ಳುವವರು ಸಂಬಳದ ಕೆಲಸದಲ್ಲಿರುವ ನಾವು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಬೆಳಗಾಗುತ್ತಲೇ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಅದನ್ನು ಕೊಳ್ಳಲಾರಳು. ಲೈನಿನಲ್ಲಿ ಕೂತು, ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಮುಗಿಸುತ್ತ, ಒಬ್ಬಳು ಕಾಲರನ್ನೇ, ಇನ್ನೊಬ್ಬಳು ತೋಳನ್ನೇ ದಿನವಿಡೀ ಹೊಲಿಯುತ್ತಾಳೆ. ಪೂರಾ ಅಂಗಿಯನ್ನು ತಾನು ಹೊಲಿದೆ ಎನ್ನುವ ತೃಪ್ತಿಯೂ ಅವಳಿಗಿಲ್ಲ. ಪ್ರಸನ್ನರ ಮಾತು ಅವಳನ್ನು ಮುಟ್ಟುವ ದಾರಿ ಇನ್ನೂ ತೆರೆದಿಲ್ಲ.

ಅವಳಿಗೂ ಕೆಣಕುವುದು ಗೊತ್ತಿದೆ ಎಂಬುದನ್ನು ಮರೆಯಬಾರದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಹೊಸೂರು ರಸ್ತೆ ನಿಂತುಹೋಯಿತು, ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಬಟ್ಟೆಯ ಲೋಕದಲ್ಲಿ ನಮ್ಮ ರಾಜ್ಯ ಕಂಡ ಅತಿ ದೊಡ್ಡ ಬಂಡಾಯ ಅದು. ಆ ಹೆಂಗಸರ ಹೆಸರಿನಲ್ಲಿ ಯಾವ ಮ್ಯೂಸಿಯಮ್ಮಿನಲ್ಲೂ ಪ್ರದರ್ಶನ ನಡೆಯುವುದಿಲ್ಲ. 2004ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ವೆಸ್ಟ್‌ವುಡ್ ಉಡುಪುಗಳಿಗೆಂದೇ ದೊಡ್ಡ ಪ್ರದರ್ಶನ ಏರ್ಪಡಿಸಿತ್ತು. ಆಕೆಯ ತಾಯಿಯಂಥ ಮಿಲ್ಲಿನ ನೇಕಾರಳು ಅಲ್ಲಿಯೂ ಹೊರಗೇ ಉಳಿದಿರಬೇಕು.

ವೆಸ್ಟ್‌ವುಡ್, ಪ್ರಸನ್ನ ಇಬ್ಬರ ಬದುಕಿನಿಂದಲೂ ನಮ್ಮ ಚಾಮರಾಜನಗರ ಜಿಲ್ಲೆ ತೆಗೆದುಕೊಳ್ಳಬಹುದಾದದ್ದು ಇದೆ. ಗುಂಡ್ಲುಪೇಟೆ ತಾಲ್ಲೂಕಿನ ಹೊಲಗಳಲ್ಲಿ ಎಕರೆಗಟ್ಟಲೆ ಚೆಂಡು ಹೂ ಬೆಳೆದು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಕೊಡುತ್ತಾರೆ. ಅದೇ ಹೂ ಹತ್ತಿಯ ನೂಲಿಗೆ ಒಳ್ಳೆಯ ಹಳದಿ ಹಿಡಿಸುತ್ತದೆ. ಕೊಳ್ಳೇಗಾಲದಲ್ಲಿ ರೇಷ್ಮೆಯ ಮಗ್ಗಗಳಿವೆ, ಬದನವಾಳಿನಲ್ಲಿ ಖಾದಿಯ ಮಗ್ಗಗಳಿವೆ, ಗಾರ್ಮೆಂಟ್ಸಿನಲ್ಲಿ ಕೈ ಪಳಗಿದ ಹೆಣ್ಣುಮಕ್ಕಳು ಹಳ್ಳಿಹಳ್ಳಿಯಲ್ಲಿದ್ದಾರೆ. ಇವು ಒಂದನ್ನೊಂದು ಇನ್ನೂ ಭೇಟಿಯಾಗಿಲ್ಲ. ಭೇಟಿ ಮಾಡಿಸುವ ಶಕ್ತಿ ಇರುವ ಗಿರಾಕಿ ಸರ್ಕಾರವೇ. ಪ್ರತಿ ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಕೊಡುತ್ತಾರೆ. ಅದರಲ್ಲಿ ಒಂದು ಜೊತೆಯನ್ನಾದರೂ, ಈ ಒಂದು ಜಿಲ್ಲೆಯ ಮಟ್ಟಿಗಾದರೂ, ಇಲ್ಲಿಯ ಸುತ್ತಮುತ್ತಲಿನ ಮಗ್ಗದಲ್ಲಿ ನೇಯಿಸಿ ಇಲ್ಲಿಯ ಹೆಂಗಸರ ಸಹಕಾರ ಸಂಘದಲ್ಲೇ ಹೊಲಿಸಬೇಕು. ಪುಣಜನೂರಿನ ಪೋಡಿನ ಮಗು ತೊಟ್ಟ ಅಂಗಿಯನ್ನು ಯಾರು ನೇಯ್ದರು, ಯಾರು ಹೊಲಿದರು ಎಂದು ಮೇಷ್ಟರು ಹೆಸರು ಹಿಡಿದು ಹೇಳುವಂತಾಗಬೇಕು. ಬೆಲೆ ಹೆಚ್ಚಾಗುತ್ತದೆ, ನಿಜ. ಆ ಹೆಚ್ಚಿನ ಹಣ ಈ ಸೀಮೆಯೊಳಗೇ ಕೂಲಿಯಾಗಿ ತಿರುಗುತ್ತದೆ. ಆರ್ಡರನ್ನು ಆರು ತಿಂಗಳು ಮೊದಲೇ ಕೊಡಬೇಕು, ಯಾಕೆಂದರೆ ಕೈಮಗ್ಗವನ್ನು ಅವಸರ ಮಾಡಲಾಗದು. ನೂಲಿಗೆ ಮುಂಗಡ ಕೊಡಬೇಕು. ಬಟ್ಟೆ ಕೈಸೇರಿದ ಒಂದು ತಿಂಗಳೊಳಗೆ ಬಿಲ್ಲು ಪಾವತಿಯಾಗಬೇಕು.